ಶೇರು ಮಾರಿಕೊಡುತ್ತಿದ್ದ ನನ್ನ ಬೀಗತಿ

ಬೀಗತಿ ಸತ್ತರೆ ದನಿ ತೆಗೆದು ಅಳಬೇಕು ಎಂಬುದು ನಮ್ಮ ಕಡೆಯ ರೀತಿ. ಮಗಳನ್ನು ಕೊಟ್ಟ ಮನೆಯ ಹಿರಿಯಾಕೆ ಹೋದಾಗ ಕೊಟ್ಟವರ ಕಡೆಯಿಂದ ಸದ್ದು ಬರದಿದ್ದರೆ ಜನ ಅದನ್ನು ನೆನಪಿಟ್ಟುಕೊಳ್ಳುತ್ತಾರೆ. ನಾನು ಅಳಲಿಲ್ಲ. ಇಂಡಿ ಪಟ್ಟಣದ ಆ ಮನೆಯ ಪಡಸಾಲೆಯಲ್ಲಿ ಆಕೆಯನ್ನು ಗೋಡೆಗೆ ಆನಿಸಿ ಕೂರಿಸಿ, ಹಣೆತುಂಬ ವಿಭೂತಿ ಬಳಿದಿದ್ದರು. ಬಾಯಿ ಸ್ವಲ್ಪ ತೆರೆದಿತ್ತು, ಇನ್ನೇನು ದರ ಹೇಳುತ್ತಾಳೆ ಎಂಬ ಹಾಗೆ. ‘ಸಾಕ ಮಾಡು, ಪ್ಯಾಟಿ ಮುಚ್ಚೈತಿ’ ಎಂದು ಮನಸ್ಸಿನಲ್ಲೇ ಬೈದೆ. ಪಕ್ಕದಲ್ಲಿದ್ದ ಆಕೆಯ ನಾದಿನಿ ನನ್ನ ಮುಖ ನೋಡಿ, "ಬೀಗರಿಗೆ ದುಃಖ ಒಳಗಿಳದೈತಿ ನೋಡ" ಎಂದು ಇನ್ನೊಬ್ಬಳ ಕಿವಿಯಲ್ಲಿ ಹೇಳಿದಳು. ಒಳಗೆ ಇಳಿದದ್ದೇನೂ ಇರಲಿಲ್ಲ. ಸಿಟ್ಟು ಬಂದಿತ್ತು. ನನಗಿಂತ ಚಿಕ್ಕಾಕೆ ನನಗಿಂತ ಮೊದಲು ಎದ್ದು ಹೋದರೆ ಸಿಟ್ಟು ಬರದೆ ಏನು ಬರುತ್ತದೆ? ಇನ್ನು ನಾನು ಯಾರನ್ನು ಬೈಯಲಿ, ನನ್ನನ್ನು ಯಾರು ಬೈಯಬೇಕು?

ಆಕೆ ನನ್ನ ಮಗಳು ಸುಜಾತಾಳ ಅತ್ತೆ. ನಾನು ತಾಂಬಾದಾಕೆ. ನಮ್ಮದು ನಿಂಬೆ ತೋಟ. ಅವರದು ಮೊದಲು ಇಂಡಿಯಲ್ಲಿ ನಿಂಬೆಯ ಅಡತಿ ಅಂಗಡಿ, ಅಂದರೆ ರೈತರು ತಂದ ಕಾಯಿಯನ್ನು ಮಾರುಕಟ್ಟೆಯ ಯಾರ್ಡಿನಲ್ಲಿ ಹರಾಜಿಗೆ ಹಾಕಿ ಮಾರಿಕೊಟ್ಟು ದಲಾಲಿ ಹಿಡಿಯುವ ಕೆಲಸ. ಗಂಡ ತೀರಿದ ಮೇಲೆ ಆ ಅಂಗಡಿ ಮೈದುನರ ಕೈಗೆ ಹೋಯಿತು. ಈಕೆ ತನ್ನ ಪಾಲಿಗೆ ಬಂದದ್ದನ್ನು ಹಿಡಿದುಕೊಂಡು, ಬಸ್ ಸ್ಟ್ಯಾಂಡಿನ ಹತ್ತಿರ ಗೊಬ್ಬರದ ಅಂಗಡಿಯ ಮೇಲಿನ ಮಹಡಿಯಲ್ಲಿ ಶೇರು ಕೊಳ್ಳುವ, ಮಾರುವ ಆಫೀಸು ತೆರೆದಳು. ದೊಡ್ಡ ಕಂಪನಿಯೊಂದರ ಫಲಕ, ಅದರ ಕೈಕೆಳಗೆ ಈಕೆಯ ಸಣ್ಣ ಏಜೆನ್ಸಿ. ನಮ್ಮ ಮಗಳನ್ನು ಕೇಳಲು ಬಂದಾಗ ನನ್ನ ಅಣ್ಣ, "ಜೂಜಿನ ಮನಿಗೆ ಹೆಣ್ಣ ಕೊಡ್ತಿ ಏನ?" ಎಂದಿದ್ದ. ಹುಡುಗ ನೋಡಲು ಚೆನ್ನಾಗಿದ್ದ, ಮಾತು ಮೆತ್ತಗಿತ್ತು. ಕೊಟ್ಟೆವು.

ಮದುವೆಯಾದ ವರ್ಷವೇ ಒಂದು ದಿನ ಇಂಡಿಗೆ ಹೋದಾಕೆ ಆ ಮಹಡಿ ಹತ್ತಿದೆ. ಜೂಜು ಹೇಗಿರುತ್ತದೆ ನೋಡಿಯೇ ಬಿಡೋಣ ಎಂದು. ಗೊಬ್ಬರದ ವಾಸನೆ ಮೆಟ್ಟಿಲ ತುದಿಯ ತನಕ ಬಂತು. ಒಳಗೆ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಧೋತರದವರು, ಪ್ಯಾಂಟಿನವರು, ಒಬ್ಬ ಸಾಲಿ ಮಾಸ್ತರರು. ಎಲ್ಲರ ಕಣ್ಣೂ ಗೋಡೆಯ ಮೇಲಿನ ಟಿವಿಯ ಕಡೆ. ಅದರಲ್ಲಿ ಕೆಂಪು, ಹಸಿರು ಅಂಕಿಗಳು ಇರುವೆಗಳ ಹಾಗೆ ಓಡುತ್ತಿದ್ದವು. ಎರಡು ಕಂಪ್ಯೂಟರುಗಳ ನಡುವೆ ಇಳಕಲ್ ಸೀರೆ ಉಟ್ಟು, ತಲೆಯ ಮೇಲೆ ಸೆರಗು ಹೊದ್ದು, ಬಾಯಲ್ಲಿ ಲವಂಗ ಇಟ್ಟುಕೊಂಡು ಬೀಗತಿ.

"ಬರ್ರಿ ಬೀಗರ. ಚಪ್ಪಲ್ ಬಿಟ್ಟ ಜಗಾದಾಗ ಬೀಗತನಾನೂ ಬಿಟ್ಟ ಬರ್ರಿ. ಇಲ್ಲಿ ನಾ ಬರೇ ದಲಾಲಿ."

"ನಾ ಏನೂ ಕೊಳ್ಳಾಕ ಬಂದಿಲ್ರಿ. ಜೂಜು ನೋಡಾಕ ಬಂದೇನಿ."

ಕುರ್ಚಿಯವರೆಲ್ಲ ನನ್ನ ಕಡೆ ತಿರುಗಿದರು. ಆಕೆ ನಗಲೂ ಇಲ್ಲ, ಸಿಟ್ಟೂ ಮಾಡಲಿಲ್ಲ.

"ನಿಮ್ಮ ನಿಂಬಿಕಾಯಿ ಎಲ್ಲಿ ಮಾರ್ತೀರಿ?"

"ಯಾರ್ಡಿನ್ಯಾಗ."

"ದಾರ್ಯಾಗ ಟೆಂಪೋ ನಿಲ್ಲಿಸಿ ಕೇಳ್ತಾರಲ್ಲ, ಅವ್ರಿಗೆ ಯಾಕ ಕೊಡೂದಿಲ್ಲ?"

"ಅವ್ರ ದರ ಅವ್ರ ಬಾಯಾಗ ಇರ್ತೈತಿ. ಯಾರ್ಡಿನ್ಯಾಗ ನಾಕ ಮಂದಿ ಕೇಳ್ತಾರ, ಎಲ್ಲಾರ ಕಣ್ಣ ಮುಂದ."

"ಇದೂ ಅಷ್ಟರಿ. ಮುಂಬೈದಾಗ ಎರಡ ದೊಡ್ಡ ಯಾರ್ಡ್ ಅದಾವ ಅಂತ ತಿಳೀರಿ. ನಿಂಬಿಕಾಯಿ ಬದ್ಲಿ ಕಂಪನಿ ಪಾಲು ಮಾರ್ತಾರ. ಹೆಚ್ಚಿಗಿ ಕೇಳಿದಾವ್ಗ ಮೊದಲ ಸಿಗ್ತೈತಿ. ಇಬ್ರೂ ಒಂದ ದರ ಕೇಳಿದ್ರ, ಮೊದಲ ಬಾಯಿ ಬಿಟ್ಟಾವ್ಗ. ನೀವು ನಾವು ಸೀದಾ ಒಳಗ ಹೋಗಾಕ ಬರೂದಿಲ್ಲ, ಅಡತಿಯವ್ರ ಕೈಲೆ ಹೋಗಬೇಕು. ಈ ಫಲಕದ ಕಂಪನಿ ಅಡತಿ. ನಾ ಅದರ ಕೈಕೆಳಗಿನಾಕಿ."

"ಕೊಂಡ ಮಾಲು ನಿಮ್ಮ ಮನ್ಯಾಗ ಇಟ್ಕೋತೀರೇನ?"

"ಹೇ, ನನ್ನ ಮನಿ ಯಾಕ? ಅದಕ್ಕ ಬ್ಯಾರೆ ಗೋದಾಮ ಐತಿ. ನಿಮ್ಮ ಹೆಸರಿಲೆ ಇರ್ತೈತಿ. ನಾ ಸತ್ರೂ ಅದು ಸಾಯೂದಿಲ್ಲ."

ಇಷ್ಟು ತಿಳಿಸಿ ಹೇಳಿದಾಕೆ ಒಂದು ಲೋಟ ಚಹಾ ಕೇಳಲಿಲ್ಲ. ಮಗಳನ್ನು ಕೊಟ್ಟಾಕೆ ಮೊದಲ ಸಲ ಬಂದಿದ್ದೇನೆ! ಮುಖ ಊದಿಸಿಕೊಂಡು ಕುಳಿತೆ. ಪೇಟೆ ನಡೆದಿರುವಾಗ ಆ ಆಫೀಸಿನಲ್ಲಿ ಚಹಾ ಇಲ್ಲ, ಮಠದ ಸ್ವಾಮಿಗಳು ಬಂದರೂ ಇಲ್ಲ ಎಂದು ಆಮೇಲೆ ಗೊತ್ತಾಯಿತು. ಮೂರೂವರೆಗೆ ಅಂಕಿಗಳ ಓಟ ನಿಂತ ಕೂಡಲೇ ಆಕೆಯ ಮುಖವೇ ಬದಲಾಯಿತು. ಸೆರಗು ಸರಿ ಮಾಡಿಕೊಂಡು ನನ್ನ ಹತ್ತಿರ ಬಂದು, "ಯವ್ವಾ, ಬೀಗರು ಬಂದಾರ! ಯಾವಾಗ ಬಂದ್ರಿ? ಚುರಮುರಿ ತರಸ್ಲೇನ?" ಎಂದಳು. ಅಲ್ಲಿಯ ತನಕ ನನ್ನನ್ನು ಕಂಡೇ ಇರಲಿಲ್ಲ ಎಂಬ ಹಾಗೆ. ಆಕೆಯ ಮೇಲೆ ನನಗೆ ಮನಸ್ಸು ಬಿದ್ದದ್ದು ಆ ಗಳಿಗೆ. ಹೀಗೆ ಎರಡು ಮುಖ ಇಟ್ಟುಕೊಂಡವರನ್ನು ಬೇಕಾದಷ್ಟು ನೋಡಿದ್ದೇನೆ. ಎರಡನ್ನೂ ಎಲ್ಲರ ಮುಂದೆ ಇಟ್ಟಾಕೆಯನ್ನು ಒಬ್ಬಳನ್ನೇ ನೋಡಿದ್ದು.

ಆಮೇಲೆ ನಾನೂ ಕೊಳ್ಳಲು ಸುರು ಮಾಡಿದೆ. ನಮ್ಮ ತೋಟಕ್ಕೆ ಹನಿ ನೀರಿನ ಪೈಪು ಮಾಡುವ ಕಂಪನಿಯದು ಮೊದಲು. ಆ ಪೈಪನ್ನು ಇಲಿ ಕಡಿದಿರಲಿಲ್ಲ, ಅದೇ ನನಗೆ ಸಾಕ್ಷಿ. ಕೊಳ್ಳುವಾಗ ಆಕೆ ನಮ್ಮಿಂದ ಎಲ್ಲವನ್ನೂ ಬಾಯಿಬಿಟ್ಟು ಹೇಳಿಸುತ್ತಿದ್ದಳು. ಯಾವುದು, ಎಷ್ಟು, ಯಾವ ದರಕ್ಕೆ. "ನೀವ ನೋಡಿ ಮಾಡ್ರಿ, ನಿಮಗ ತಿಳೀತೈತಿ" ಎಂದರೆ ಬೆರಳು ಕೀಲಿಮಣೆಯಿಂದ ಮೇಲೆತ್ತಿ ಕೈಕಟ್ಟಿ ಕೂತುಬಿಡುವಳು. "ಮದ್ವ್ಯಾಗ ಅಕ್ಕಿಕಾಳ ಹಾಕೂದು ಮಂದಿ, ತಾಳಿ ಕಟ್ಟೂದು ಗಂಡ. ನಿಮ್ಮ ಬಾಯಿಲೆ ಹೇಳ್ರಿ." ಹೇಳಿದ್ದನ್ನು ತಾನು ಒಮ್ಮೆ ತಿರುಗಿ ಹೇಳಿ, ನಾವು ಹೌದು ಎಂದ ಮೇಲೆಯೇ ಕೀ ಒತ್ತುವಳು. ಒತ್ತಿದ ಮೇಲೆ ಎರಡೂ ಕೈ ಮಡಿಲಲ್ಲಿ ಇಟ್ಟುಕೊಳ್ಳುವಳು, ಗಿಡಕ್ಕೆ ನೀರು ಹಾಯಿಸಿ ಕೂತವರ ಹಾಗೆ.

ಬುದ್ಧಿ ಹೇಳುತ್ತಿರಲಿಲ್ಲ. ಒಮ್ಮೆ ನಾನೇ ಕೇಳಿದೆ, "ಈ ಪೈಪಿನ ಶೇರು ಏರ್ತೈತೋ ಇಳೀತೈತೋ, ಖರೇ ಹೇಳ್ರಿ."

"ಅದು ನನಗ ಗೊತ್ತಿದ್ರ ಈ ಗೊಬ್ಬರದ ವಾಸ್ನ್ಯಾಗ ಯಾಕ ಕುಂಡರ್ತಿದ್ದೆ ಬೀಗರ?"

ಆಲಮೇಲದ ಕಬ್ಬಿನ ಗೌಡರೊಬ್ಬರು ಬರುತ್ತಿದ್ದರು, ದೊಡ್ಡ ಮೀಸೆ, ದೊಡ್ಡ ದನಿ. ಯಾರದೋ ಮಾತು ಕೇಳಿ ಹೆಸರಿಲ್ಲದ ಕಂಪನಿಯೊಂದರ ಶೇರು ತೆಗೆದುಕೊಂಡಿದ್ದರು. ಮಾರಲು ಬಂದ ದಿನ ಅದನ್ನು ಕೇಳುವವರೇ ಇಲ್ಲ. ಟಿವಿಯಲ್ಲಿ ಆ ಸಾಲು ಸತ್ತ ಹಾವಿನ ಹಾಗೆ ಬಿದ್ದಿತ್ತು. ಗೌಡರು ಸ್ವಲ್ಪ ಹೊತ್ತು ಕೂತರು, ಎದ್ದರು, ಮತ್ತೆ ಕೂತರು.

"ತಂಗಿ, ನೀನ ತಗೊಂಬಿಡಬೇ. ನಿನಗೇನ ಕಡಿಮಿ ಐತಿ? ಅರ್ಧಾ ದರಕ್ಕ ಕೊಡ್ತೇನಿ, ಹೋಗ್ಲಿ."

ಅಲ್ಲಿದ್ದವರೆಲ್ಲ ಆಕೆಯ ಮುಖ ನೋಡಿದರು. ಅರ್ಧ ದರ ಎಂದರೆ ಯಾರಿಗೆ ಬೇಡ? ಆಕೆ ಲವಂಗವನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ಸರಿಸಿದಳು.

"ಗೌಡ್ರ, ನಾ ನಿಮ್ಮ ಕಡಿ ನಿಂತಾಕಿ. ನಾನ ಎದುರಿಗೆ ಹೋಗಿ ಕುಂತು ಕೊಳ್ಳಾಕತ್ರ, ಇಲ್ಲಿ ನಿಮ್ಮ ಕಡಿ ಮಾತಾಡವ್ರು ಯಾರು?"

"ಕಾನೂನ ಹೇಳಬ್ಯಾಡ, ಕೊಳ್ಳಾಕ ಬರ್ತೈತಿಲ್ಲ?"

"ಕಾನೂನ ಅಲ್ರಿ. ತನ್ನ ರೊಕ್ಕಾ ಹಾಕಿ ಕೊಂಡು ಮಾರವ್ರು ಅದಾರ, ಅದು ಅವ್ರ ದಂಧೆ. ಮಾಡ್ಲಿ. ಎದುರಿಗೆ ಕುಂತೇನಿ ಅಂತ ಹೇಳಿನ ಕುಂಡರ್ತಾರ. ನಾ ಮುಂಜಾನೆ ನಿಮ್ಮ ಕಡಿ, ಮಧ್ಯಾಹ್ನ ನಿಮ್ಮ ಎದುರಿಗೆ ಅಂದ್ರ ನಾಳಿಗೆ ಈ ಮೆಟ್ಟಲಾ ಯಾರ ಹತ್ತತಾರ?"

ಗೌಡರು "ಹೆಣ್ಣಮಗಳ ತಲಿ ನೆಟ್ಟಗಿಲ್ಲ" ಎಂದು ಎದ್ದು ಹೋದರು. ಮುಂದಿನ ವಾರ ಅವರೇ ಬಂದರು. ಬೈದುಕೊಂಡೇ ಬಂದರು, ಆದರೆ ಬಂದರು.

ಇನ್ನೊಂದನ್ನು ಆಕೆ ನನಗೆ ಮಂತ್ರದ ಹಾಗೆ ಕಲಿಸಿದ್ದಳು. ಕೊಂಡ ದಿನ ಸಂಜೆಯೊಳಗೆ ಮುಂಬೈ ಯಾರ್ಡಿನಿಂದಲೇ ಫೋನಿಗೆ ಒಂದು ಮೆಸೇಜು ಬರುತ್ತದೆ. "ನಾ ಕೊಂಡೇನಿ ಅಂತ ನಾನ ಹೇಳಿದ್ರೂ ನಂಬಬ್ಯಾಡ್ರಿ. ಅದು ಬಂದ್ರ ಕೊಂಡಂಗ, ಇಲ್ಲಾಂದ್ರ ಇಲ್ಲ." ಆ ಮೆಸೇಜು ಇಂಗ್ಲಿಷಿನಲ್ಲಿ ಇರುತ್ತದೆ. ನನಗೆ ಓದಲು ಬರುವುದಿಲ್ಲ. ಬಂದಿದೆಯೋ ಇಲ್ಲವೋ, ಅಷ್ಟು ನೋಡಲು ಬರುತ್ತದೆ.

ದಿನಾ ಮುಂಜಾನೆ ಪೇಟೆ ತೆರೆಯುವ ಮೊದಲು ಫೋನು ಮಾಡುತ್ತಿದ್ದಳು. ಕೆಲಸ ಏನೂ ಇರುತ್ತಿರಲಿಲ್ಲ. "ಎದ್ದಿರೋ, ಇನ್ನ ಹಾಸಿಗ್ಯಾಗ ಅದೀರೋ?" "ನಿಮ್ಮಂಗ ಕುರ್ಚಿ ಮ್ಯಾಲ ಕುಂತ ಉಣ್ಣವ್ರೇನ ನಾವು? ಎರಡ ಸಾಲ ಗಿಡಕ್ಕ ನೀರ ಬಿಟ್ಟ ಬಂದೇನಿ." "ಮತ್ತ ಮೊನ್ನಿ ಕಳಿಸಿದ ಹೋಳಿಗಿ ನೀವ ಮಾಡಿದ್ದೋ, ಪೈಪಿನ ಕಂಪನಿಯವ್ರು ಮಾಡಿದ್ದೋ? ಬಡದ್ರ ಸಪ್ಪಳ ಬರ್ತೈತಿ." ಹೀಗೆ. ಗಂಡ ಬದುಕಿದ್ದಾಗ ಅವನ ಜೊತೆ ನಾನು ಇಷ್ಟು ಮಾತಾಡಿದ್ದಿಲ್ಲ. ಅವನು ಉಣ್ಣಲು ಬಾಯಿ ತೆರೆಯುತ್ತಿದ್ದ, ಅಷ್ಟೇ.

ಕಾಲ ಕಳೆದ ಹಾಗೆ ಆಫೀಸಿನ ಕುರ್ಚಿಗಳು ಖಾಲಿಯಾದವು. ಎಲ್ಲರ ಕೈಗೆ ಮೊಬೈಲು ಬಂತು, ಅದರಲ್ಲೇ ಬೆರಳು ಆಡಿಸಿ ಕೊಳ್ಳುವುದು, ಮಾರುವುದು. ದಲಾಲಿಯೂ ಸಣ್ಣದಾಯಿತು. ಮೊಬೈಲು ತಿಳಿಯದ ನಮ್ಮಂಥ ಹಳಬರು, ಅಂಗನವಾಡಿಯಲ್ಲಿ ಕಲಿಸುವ ಬಾಯಿಯವರು, ಪಿಂಚಣಿಯ ಮಾಸ್ತರರು ಉಳಿದೆವು. ಅಳಿಯ ತಾಯಿಯ ಜೊತೆಗೇ ಕೆಲಸ ಮಾಡುತ್ತಿದ್ದ. "ಇದರಾಗ ಕರೆಂಟ್ ಬಿಲ್ಲೂ ಹುಟ್ಟೂದಿಲ್ಲ ಅತ್ತಿ" ಎಂದು ನನ್ನ ಮುಂದೆ ಗೊಣಗುತ್ತಿದ್ದ. ಅವನ ಮಾತೂ ಸುಳ್ಳಲ್ಲ.

ಆಗ ಆಕೆಗೆ ಕಣ್ಣಿನ ಪೊರೆ ತೆಗೆಸಿದರು. ಸಕ್ಕರೆ ಕಾಯಿಲೆಯ ಮೈ, ಗಾಯ ಬೇಗ ಮಾಯಲಿಲ್ಲ. ಪರದೆ ನೋಡಬೇಡಿ, ಬಿಸಿಲಿಗೆ ಹೋಗಬೇಡಿ ಎಂದರಂತೆ ಡಾಕ್ಟರು. ಆಕೆ ಕಪ್ಪು ಕನ್ನಡಕ ಹಾಕಿಕೊಂಡು ಪಡಸಾಲೆಯ ಮಂಚದ ಮೇಲೆ ಕೂತಳು. ಎಲ್ಲ ಅಳಿಯನ ಕೈಗೆ ಬಂತು.

ಅದೇ ದಿನಗಳಲ್ಲಿ ನಾನು ಫೋನು ಮಾಡಿ ಸ್ವಲ್ಪ ಶೇರು ಕೊಳ್ಳಲು ಹೇಳಿದೆ. "ತಗೊಂಡೇನ್ರಿ ಅತ್ತಿ" ಎಂದ. ಸಂಜೆ ಮೆಸೇಜು ಬರಲಿಲ್ಲ. ಮರುದಿನವೂ ಇಲ್ಲ. ಕೇಳಿದರೆ "ಸರ್ವರ್ ಪ್ರಾಬ್ಲಂ" ಎಂದ. ಇನ್ನೊಮ್ಮೆ ಕೊಂಡೆ, ಹಾಗೇ ಆಯಿತು. ನಮ್ಮ ಊರಿನ ಅಂಗನವಾಡಿ ಬಾಯಿಯೂ ಅಲ್ಲೇ ಕೊಳ್ಳುವಾಕೆ. ಅವಳನ್ನು ಕೇಳಿದೆ. "ನನಗೂ ಬಂದಿಲ್ರಿ ಆಯಿ. ಆದ್ರ ಹೋದ ಸಲ ಮಾರಿದಾಗ ರೊಕ್ಕಾ ಕೊಟ್ರಲ್ಲ, ಕೈಯಾಗ ಕೊಟ್ರು" ಎಂದಳು. ಕೈಯಲ್ಲಿ! ಕೊಂಡದ್ದಕ್ಕೆ ಮೆಸೇಜಿಲ್ಲ, ಬ್ಯಾಂಕಿಗೆ ಬರಬೇಕಾದದ್ದು ಕೈಗೆ ಬಂತು.

ಅದಕ್ಕೆ ಡಬ್ಬಾ ಎನ್ನುತ್ತಾರೆ. ಬೇರೆ ಊರಿನಲ್ಲಿ ಯಾರೋ ಮಾಡಿ ಸಿಕ್ಕಿಬಿದ್ದಾಗ ಬೀಗತಿಯೇ ನನಗೆ ಬಿಡಿಸಿ ಹೇಳಿದ್ದಳು. ಗಿರಾಕಿ ಹೇಳಿದ್ದು ಮುಂಬೈ ಯಾರ್ಡಿಗೆ ಹೋಗುವುದೇ ಇಲ್ಲ. ‘ಕೊಂಡೆ’ ಎನ್ನುತ್ತಾರೆ, ಕೊಂಡಿರುವುದಿಲ್ಲ. ದುಡ್ಡು ದಲಾಲಿಯ ಕಿಸೆಯಲ್ಲೇ ಉಳಿಯುತ್ತದೆ. ದರ ಇಳಿದರೆ ಗಿರಾಕಿ ಕಳೆದುಕೊಂಡದ್ದೆಲ್ಲ ಅವನದು. ಏರಿದರೆ ಅವನೇ ಕೊಡಬೇಕು. ಜನ ಹೆಚ್ಚಾಗಿ ಕಳೆದುಕೊಳ್ಳುವುದೇ ತಾನೆ, ಆ ಧೈರ್ಯ. ನಮ್ಮ ಕಡೆ ನಿಂತಿದ್ದೇನೆ ಎನ್ನುತ್ತ ನಮ್ಮ ಎದುರಿಗೆ ಕೂತು, ನಾವು ಹಾಳಾಗುವುದನ್ನು ಕಾಯುವ ದಂಧೆ ಅದು.

ಒಂದೆರಡು ದಿನ ಸುಮ್ಮನಿದ್ದೆ. ಹೇಳಿದರೆ ಮಗಳ ಮನೆ ಮುರಿಯುತ್ತದೆ. ಗಂಡನನ್ನು ಪೊಲೀಸರು ಹಿಡಿದುಕೊಂಡು ಹೋದರೆ ಸುಜಾತಾ ಯಾವ ಮುಖ ಹೊತ್ತು ಇಂಡಿಯಲ್ಲಿ ತಿರುಗಬೇಕು? ಹೇಳದಿದ್ದರೆ ಬೀಗತಿಯ ಹೆಸರು ನಂಬಿಕೊಂಡು ದುಡ್ಡು ಕೊಟ್ಟವರು ಒಂದು ದಿನ ಬರಿಗೈಯಲ್ಲಿ ನಿಲ್ಲುತ್ತಾರೆ, ಆಕೆ ಆ ಮೆಟ್ಟಿಲಲ್ಲಿ ಅವರ ಮುಖ ನೋಡಬೇಕಾಗುತ್ತದೆ. ಯಾರನ್ನು ಕೇಳಲಿ? ಇಂಥದ್ದನ್ನು ಕೇಳಲು ನನಗಿದ್ದಾಕೆ ಒಬ್ಬಳೇ, ಅವಳದೇ ಮನೆಯ ಸುದ್ದಿ ಇದು. ಮೂರನೇ ದಿನ ಟೆಂಪೋ ಹತ್ತಿ ಹೋದೆ.

ಮಂಚದ ಮೇಲೆ ಕೂತಿದ್ದಳು. ಕಪ್ಪು ಕನ್ನಡಕ. ಅಡುಗೆಮನೆಯಿಂದ ಸುಜಾತಾ ರೊಟ್ಟಿ ಬಡಿಯುವ ಸಪ್ಪಳ ಬರುತ್ತಿತ್ತು. ಅಳಿಯ ಆಫೀಸಿಗೆ ಹೋಗಿದ್ದ.

"ಯಾರು?"

"ನಾನು."

"ಇಷ್ಟ ಬಿಸಲಾಗ ಬಂದ್ರಿ ಅಂದ್ರ ಏನೋ ಕೆಟ್ಟ ಸುದ್ದಿನ ಇರಬೇಕು."

"ಹೌದ್ರಿ, ಕೆಟ್ಟದ್ದ. ಮೆಸೇಜ್ ಬಂದಿಲ್ಲ."

ಆಕೆಯ ಬಾಯಲ್ಲಿ ಆಡುತ್ತಿದ್ದ ಲವಂಗ ನಿಂತಿತು.

"ಎಷ್ಟ ಸಲ?"

"ನನಗ ಎರಡ ಸಲ. ಅಂಗನವಾಡಿ ಬಾಯಿಗೂ ಬಂದಿಲ್ಲ, ಆಕಿಗೆ ರೊಕ್ಕಾ ಕೈಯಾಗ ಕೊಟ್ಟಾನಂತ. ಕೇಳಿದ್ರ ಸರ್ವರ್ ಅಂತಾನ."

ರೊಟ್ಟಿ ಬಡಿಯುವ ಸಪ್ಪಳವೂ ನಿಂತಿತು. ಸುಜಾತಾ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

"ಯವ್ವಾ, ಶೇರಿನ ಸುದ್ದಿ ನಿನಗೇನ ತಿಳೀತೈತಿ? ಮೂರನೇ ಇಯತ್ತೆ ಕಲ್ತಾಕಿ, ಊರ ಮುಂದ ನನ್ನ ಗಂಡನ್ನ ಕಳ್ಳ ಮಾಡಾಕ ಬಂದಿಯೇನ?"

"ಊರ ಮುಂದ ಎಲ್ಲಿ ಹೇಳೇನಿ? ನಿಮ್ಮತ್ತಿ ಮುಂದ ಹೇಳಾಕತ್ತೇನಿ."

"ಸುಜಾತಾ, ನೀ ಒಳಗ ನಡಿ" ಎಂದಳು ಬೀಗತಿ. ದನಿ ಏರಿಸಲಿಲ್ಲ. ಅವಳು ಹೋದ ಮೇಲೆ ನನ್ನ ಕಡೆ ಮುಖ ತಿರುಗಿಸಿದಳು. ಆ ಕಪ್ಪು ಗಾಜಿನ ಹಿಂದೆ ಏನಿತ್ತೋ ಕಾಣಲಿಲ್ಲ. "ಬೀಗರ, ಇದನ್ನ ಯಾರಿಗೆ ಹೇಳಾಕ ಬಂದೀರಿ? ಬೀಗತಿಗೋ, ದಲಾಲಿಗೋ?"

"ಬೀಗತಿಗೆ ಹೇಳಿದ್ರ ಏನಾಗ್ತೈತಿ?"

"ಬೀಗತಿ ಮಗನ್ನ ನಾಕ ಮಾತ ಬೈದು, ನಿಮಗ ಚಾ ಕುಡಿಸಿ ಕಳಸ್ತಾಳ."

"ಹಂಗಾರ ದಲಾಲಿಗೆ ಹೇಳಾಕ ಬಂದೇನಿ."

ಆಕೆ ಮಂಚದಿಂದ ಕಾಲು ಕೆಳಗೆ ಬಿಟ್ಟಳು. "ನನ್ನ ಚಪ್ಪಲ್ ಎಲ್ಲಿ ಅದಾವ ನೋಡ್ರಿ" ಎಂದಳು.

ಮಗನನ್ನು ಆ ಸಂಜೆ ಏನು ಕೇಳಿದಳು, ಅವನು ಏನು ಹೇಳಿದ, ಎಲ್ಲ ಬರೆಯುವುದಿಲ್ಲ. ಮೊದಲು ಇಲ್ಲ ಎಂದ, ಆಮೇಲೆ ಸಿಟ್ಟು ಮಾಡಿದ, ಆಮೇಲೆ ಹೇಳಿದ. ಗಂಡಸರು ಹೇಳುವ ಕ್ರಮವೇ ಅದು. ಮರುದಿನ ಪೇಟೆ ತೆರೆಯುವ ಹೊತ್ತಿಗೆ ನಾವು ಮೂವರೂ ಆ ಮಹಡಿಯಲ್ಲಿದ್ದೆವು. ಆಕೆಗೆ ಪರದೆ ನೋಡುವ ಹಾಗಿಲ್ಲ. ಅಂಕಿ ನಾನು ಓದಿದೆ, ಕೀ ಮಗನ ಕೈಯಲ್ಲೇ ಒತ್ತಿಸಿದಳು. ಮುಪ್ಪಿಗೆ ಎಂದು ಗಂಡ ಸತ್ತಂದಿನಿಂದ ಕೂಡಿಟ್ಟ ತನ್ನ ಸ್ವಂತ ಶೇರುಗಳನ್ನು ಮೊದಲು ಮಾರಿಸಿದಳು. ಆಮೇಲೆ ಯಾರ ಯಾರಿಗೆ ‘ಕೊಂಡೇನಿ’ ಎಂದು ಸುಳ್ಳು ಹೇಳಿದ್ದನೋ ಅವರನ್ನೆಲ್ಲ ಕರೆಸಿ, ಇದ್ದದ್ದನ್ನು ಇದ್ದ ಹಾಗೆ ತಾನೇ ಬಾಯಿಬಿಟ್ಟು ಹೇಳಿ, ಅವರವರ ಹೆಸರಿಗೆ ನಿಜವಾಗಿ ಕೊಳ್ಳಿಸಿದಳು. ದರ ಏರಿದ್ದಕ್ಕೆ ತನ್ನದನ್ನು ಸುರಿದಳು. ಆ ದಿನವೂ ಪ್ರತಿಯೊಬ್ಬರಿಂದ ಯಾವುದು, ಎಷ್ಟು ಎಂದು ಹೇಳಿಸದೆ ಬಿಡಲಿಲ್ಲ. ಪಿಂಚಣಿ ಮಾಸ್ತರರು, "ನೀವು ಹೇಳಿದ್ರ ಸಾಕ ಬಿಡ್ರಿ ಅಕ್ಕಾರ" ಎಂದರೆ, "ಸಾಕ ಅಂತನ ಇಷ್ಟೆಲ್ಲಾ ಆಗೈತಿ, ನಿಮ್ಮ ಬಾಯಿಲೆ ಹೇಳ್ರಿ" ಎಂದು ಗದರಿಸಿದಳು. ಅಳಿಯನ ಮೂಗು ಸೋರುತ್ತಿತ್ತು. ಒರೆಸಿಕೊ ಎಂದು ನನ್ನ ಸೆರಗು ಕೊಟ್ಟೆ. ಏನು ಮಾಡಲಿ, ನನ್ನ ಮಗಳ ಗಂಡ.

ಎಲ್ಲರ ಫೋನಿಗೂ ಮೆಸೇಜು ಬಂದ ಮೇಲೆ ಆಕೆ ತಾನೇ ವಿಜಯಪುರದ ಕಂಪನಿಯವರಿಗೆ ಫೋನು ಮಾಡಿ ನಡೆದದ್ದನ್ನು ಹೇಳಿದಳು. ಅವರು ಬಂದರು, ಒಬ್ಬೊಬ್ಬರನ್ನೇ ವಿಚಾರಿಸಿದರು, ಏಜೆನ್ಸಿ ಕಿತ್ತುಕೊಂಡರು. ಫಲಕ ಇಳಿಸುವಾಗ ಕೆಳಗಿನ ಗೊಬ್ಬರದವ ಏಣಿ ಹಿಡಿದುಕೊಂಡಿದ್ದ. ಅಳಿಯನಿಗೆ ಮುಂದೆ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಗಿಸುವ ಕೆಲಸ ಸಿಕ್ಕಿತು. ಈಗಲೂ ಅಲ್ಲೇ ಇದ್ದಾನೆ. ಮನೆ ಮುರಿಯಲಿಲ್ಲ. ಆದರೆ ಸುಜಾತಾ ನನ್ನ ಜೊತೆ ಮಾತು ಬಿಟ್ಟಳು. ತಪ್ಪು ಮಾಡಿದ ಗಂಡನಿಗೆ ರೊಟ್ಟಿ ಹಾಕಿದಳು, ಅಂಗಡಿ ಮುಚ್ಚಿದ ಅತ್ತೆಯ ಕಾಲು ಒತ್ತಿದಳು, ಹೇಳಲು ಬಂದ ತಾಯಿಗೆ ಬಾಗಿಲಲ್ಲೇ ನೀರು ಕೊಟ್ಟು ಕಳಿಸಿದಳು. ಇಂಡಿ ತುಂಬ ಬೀಗತಿಯ ಹೆಸರಾಯಿತು. ‘ಹೊಟ್ಟಿಲೆ ಹುಟ್ಟಿದ ಮಗನ್ನೂ ಬಿಡಲಿಲ್ಲ, ದೇವರಂಥಾಕಿ’ ಎಂದರು. ಚಾಡಿ ಹೇಳಿದಾಕೆ ಎಂದು ನನ್ನ ಹೆಸರಾಯಿತು.

ಆಫೀಸು ಹೋದ ಮೇಲೆ ಆಕೆ ವಾರಕ್ಕೊಮ್ಮೆ ತಾಂಬಾಕ್ಕೆ ಬರತೊಡಗಿದಳು. ಟೆಂಪೋ ಇಳಿದು ಸೀದಾ ತೋಟಕ್ಕೆ. ಅಷ್ಟು ಹೊತ್ತಿಗೆ ‘ರಿ’ ಬಿಟ್ಟು ನೀನು ಎನ್ನುವುದಕ್ಕೆ ಬಂದಿದ್ದೆವು. ನಿಂಬೆ ಗಿಡದ ಬುಡದಲ್ಲಿ ಗೋಣಿ ಹಾಸಿಕೊಂಡು ಕೂತು ಕಾಯಿ ಆರಿಸುತ್ತಿದ್ದಳು, ದಪ್ಪದ್ದು ಒಂದು ಕಡೆ, ಸಣ್ಣದು ಒಂದು ಕಡೆ. ಕಣ್ಣು ಈಗ ಚೆನ್ನಾಗಿ ಕಾಣುತ್ತಿತ್ತು. ಆರಿಸುತ್ತ ಆರಿಸುತ್ತ ಒಂದು ಮಧ್ಯಾಹ್ನ, ನನ್ನ ಕಡೆ ನೋಡದೆ ಹೇಳಿದಳು:

"ಒಂದ ಮಾತ ಹೇಳ್ತೇನಿ, ಬೈಬ್ಯಾಡ. ನೀ ಬರೂಕಿಂತ ಮೊದಲ ನನಗ ಗೊತ್ತಿತ್ತು."

"ಯಾವುದು?"

"ಮಗಂದು. ಕಣ್ಣ ಮುಚ್ಚಿದ್ರೂ ಕಿವಿ ಇದ್ದುವಲ್ಲ. ಮುಂಜಾನೆ ಪಡಸಾಲ್ಯಾಗ ಲ್ಯಾಪ್‌ಟಾಪ್ ಹಿಡ್ಕೊಂಡು ನನ್ನ ಮಗ್ಗಲಕ ಕುಂತು ಫೋನ್ ತಗೋತಿದ್ದ. ‘ತಗೊಂಡೇನ್ರಿ, ತಗೊಂಡೇನ್ರಿ’ ಅಂತಿದ್ದ. ಕೀ ಒತ್ತೂ ಸಪ್ಪಳ ಬರ್ತಿದ್ದಿಲ್ಲ."

ನನ್ನ ಕೈಯಲ್ಲಿದ್ದ ಕಾಯಿ ಕೈಯಲ್ಲೇ ಉಳಿಯಿತು.

"ಗೊತ್ತಿದ್ದು ಸುಮ್ನ ಕುಂತಿದ್ದೆ?"

"ಕುಂತಿದ್ದೆ. ಯಾರರ ಬಂದು ಹೇಳ್ಯಾರು ಅಂತ ಕಾಯಾಕತ್ತಿದ್ದೆ. ಯಾರೂ ಬರಬಾರದಪಾ ಶಿವನ ಅಂತನೂ ಕಾಯಾಕತ್ತಿದ್ದೆ."

"ನಾ ಬರದಿದ್ರ?"

ಆಕೆ ಒಂದು ಕಾಯಿಯನ್ನು ತಿರುಗಿಸಿ ಮುರುಗಿಸಿ ನೋಡಿದಳು. ದಪ್ಪದ ರಾಶಿಗೂ ಹಾಕಲಿಲ್ಲ, ಸಣ್ಣದರ ರಾಶಿಗೂ ಹಾಕಲಿಲ್ಲ.

"ಸುಮ್ನ ಇರ್ತಿದ್ದೆ ಅಂತ ಕಾಣ್ತೈತಿ. ಒಬ್ಬನ ಮಗ."

ನನಗೆ ಬಂದ ಸಿಟ್ಟಿಗೆ ಆ ಗೋಣಿ ಎಳೆದು ಹಾಕಬೇಕಿತ್ತು. ನನ್ನ ಮಗಳು ನನ್ನ ಮುಖ ನೋಡುವುದಿಲ್ಲ, ಈಕೆ ದೇವರಾಗಿ ಕೂತಿದ್ದಾಳೆ. ಬೈದೆ, ಬಾಯಿಗೆ ಬಂದ ಹಾಗೆ ಬೈದೆ. ಕೇಳಿಸಿಕೊಂಡಳು. ಬೈದು ಮುಗಿದ ಮೇಲೆ, "ಸುಜಾತಾಗ ನಾನ ಹೇಳ್ತೇನಿ. ನಿನ್ನ ತಲಿ ಮ್ಯಾಲ ಹಾಕಿದ್ದು ನಾನು, ನಾನ ಇಳಸ್ತೇನಿ" ಎಂದಳು.

ಕೈಯಲ್ಲಿದ್ದ ಕಾಯಿಯನ್ನು ರಾಶಿಗೆ ಹಾಕಿದೆ.

"ಬ್ಯಾಡ. ಗಂಡ ಹಂಗ ಮಾಡಿದ, ತಾಯಿ ಹಿಂಗ ಮಾಡಿದ್ಲು ಅಂತ ಕುಂತೈತಿ ಆ ಹುಡುಗಿ. ಒಬ್ಬಾಕಿ ಅತ್ತಿಯರ ನೆಟ್ಟಗ ಅದಾಳ ಅಂತ ತಿಳ್ಕೊಂಡಿರ್ಲಿ. ದಿನಾ ಅಕಿ ಕೈಲೆ ಉಣ್ಣಾಕಿ ನೀನು. ನಾ ಏನ, ನನ್ನ ಒಲಿ ಬ್ಯಾರೆ ಐತಿ."

ಸಂಜೆ ಟೆಂಪೋ ಹತ್ತುವಾಗ ಕಿಟಕಿಯಿಂದ ಕೈ ಹೊರಗೆ ಹಾಕಿ ನನ್ನ ಮಣಿಕಟ್ಟು ಹಿಡಿದುಕೊಂಡಳು. ಗಾಡಿ ಸರಿಯುವ ತನಕ ಬಿಡಲಿಲ್ಲ. ಡ್ರೈವರ್, "ಆಯಿ, ಬಿಡ್ರಿ ಕೈಯ, ಇಬ್ರೂ ಬೀಳ್ತೀರಿ" ಎಂದು ಕೂಗಿದ. ಮುಂದಿನ ವಾರವೂ ಬಂದಳು, ಅದರ ಮುಂದಿನ ವಾರವೂ. ಆ ಮಾತು ಮತ್ತೆ ತೆಗೆಯಲಿಲ್ಲ. ಹೋಳಿಗೆ ಬೈದಳು, ರೊಟ್ಟಿ ಬೈದಳು, ನನ್ನ ಮೂಗುತಿ ಹಳೆಯದಾಯಿತು ಎಂದಳು. ಒಂದು ಚಳಿಗಾಲದಲ್ಲಿ ಆಕೆ ಬರಲಿಲ್ಲ. ಸಕ್ಕರೆ ಮೂತ್ರಪಿಂಡಕ್ಕೆ ಇಳಿದಿತ್ತು. ಯುಗಾದಿ ಕಾಣಲಿಲ್ಲ.

ಈಗ ಆ ಮನೆಯ ಪಡಸಾಲೆಯಲ್ಲಿ ಆಕೆಯ ದೊಡ್ಡ ಫೋಟೋ ಇದೆ. ಸುಜಾತಾ ದಿನಾ ಹೂ ಏರಿಸಿ ಊದಿನಕಡ್ಡಿ ಹಚ್ಚುತ್ತಾಳೆ. ಹಬ್ಬಕ್ಕೆ ಹೋದರೆ ಈಗ ಒಳಗೆ ಕರೆದು ಕೂರಿಸುತ್ತಾಳೆ, ಅಷ್ಟರ ಮಟ್ಟಿಗೆ ಸಿಟ್ಟು ಇಳಿದಿದೆ. ಕೂತ ಕಡೆಯಿಂದ ಆ ಫೋಟೋ ಕಾಣುತ್ತದೆ. ತಲೆಯ ಮೇಲೆ ಸೆರಗು, ನೆಟ್ಟ ನೋಟ, ಯಾರಿಗೂ ಬಗ್ಗದ ಮುಖ. ಬಂದವರೆಲ್ಲ ಕೈಮುಗಿಯುತ್ತಾರೆ. ನಾನೂ ಮುಗಿಯುತ್ತೇನೆ, ಮುಗಿಯದಿದ್ದರೆ ಸುಜಾತಾ ಮತ್ತೆ ಮಾತು ಬಿಟ್ಟಾಳು. ಅವಳಿಗೆ ಹೇಳಬೇಡ ಎಂದಾಕೆ ನಾನೇ, ಇಷ್ಟು ದಿನದ ಮೇಲೆ ಹೇಳುತ್ತಿರುವಾಕೆಯೂ ನಾನೇ. ಮಗಳು ಓದಿದರೆ ಓದಲಿ. ಆ ಫೋಟೋದಲ್ಲಿ ಇರುವಾಕೆಯನ್ನು ನಾನು ಕಂಡವಳಲ್ಲ. ಅವಳ ಹತ್ತಿರ ಒಂದು ಬೈಗುಳವನ್ನಾದರೂ ಆಡಲು ಆಗುತ್ತದೆಯೇ? ನನಗೆ ಬೇಕಾದಾಕೆ ಅದೇ ಗೋಡೆಯ ಕೆಳಗೆ ಕಪ್ಪು ಕನ್ನಡಕ ಹಾಕಿಕೊಂಡು, ಮಗ್ಗುಲಲ್ಲಿ ಸುಳ್ಳು ಹೇಳುವ ಮಗನನ್ನು ಕೂರಿಸಿಕೊಂಡು, ಯಾರೂ ಬರಬಾರದು ಎಂದು ಬಾಗಿಲಿಗೆ ಕಿವಿಕೊಟ್ಟು ಕೂತಿದ್ದಾಳೆ. ಇನ್ನೊಂದು ಸಲ ಬಿಸಿಲಿನಲ್ಲಿ ಟೆಂಪೋ ಹತ್ತಿ ಅವಳ ಹತ್ತಿರ ಹೋಗಬೇಕು. ಈ ಸಲ ಏನೂ ಹೇಳದೆ, ಆ ಮಂಚದ ಮೇಲೆ ಅವಳ ಮಗ್ಗುಲಲ್ಲಿ ಸುಮ್ಮನೆ ಸ್ವಲ್ಪ ಹೊತ್ತು ಕೂತಿರಬೇಕು.